ಮಾತಾಡದ ಮನೆ

ನನಗೆ ಕಲಿಸಿದವರು ಮುಂಗೈ ಮೇಲೆ ನಾಲ್ಕಾಣೆ ಇಟ್ಟು ಕಲಿಸಿದರು.
ನಾಣ್ಯ ಬಿದ್ದರೆ ಅಡಿಪಟ್ಟಿ.
ಅದಕ್ಕೇ ಬೆಟಗೇರಿಯ ಈ ಓಣಿಯಲ್ಲಿ ನಾನು ಕಲಿಸುವುದಿಲ್ಲ,
ಬಾಗಿಲು ತೆರೆದಿಡುತ್ತೇನೆ.
ಅಂಗನವಾಡಿ ಬಿಟ್ಟ ಮೇಲೆ ಬರುವವರು ಬರುತ್ತಾರೆ.
ಕೈಗೆ ಹತ್ತಿದ ಬೆಲ್ಲ ತೊಳಕೊಂಡು ಬರಬೇಕು,
ಇದೊಂದೇ ಕಾಯಿದೆ.

ಪಿಯಾನೋ ಮಿಷನ್ ಶಾಲೆಯ ಹರಾಜಿನದು.
ಒಂದು ಕಾಲಿಗೆ ಇಟ್ಟಿಗೆ, ಗೆದ್ದಲು ತಿಂದ ಬೆನ್ನು.
ನಡುವೆ ಒಂದು ಬಿಳಿ ಮನೆ:
ಒತ್ತಿದರೆ ಇಳಿಯುತ್ತದೆ, ಬಿಟ್ಟರೆ ಏಳುತ್ತದೆ,
ಏನೂ ಹೇಳುವುದಿಲ್ಲ.

ನೇಕಾರರ ತುಳಜು, ಇನ್ನೂ ಐದು ತುಂಬಿಲ್ಲ,
ಮೊದಲ ವಾರವೆಲ್ಲ ಸ್ಟೂಲಿನ ಕೆಳಗೇ ಕಳೆದ.
ಪೆಡಲು ಅವನಿಗೆ ಗೊತ್ತು,
ಅವ್ವ ಕುಣಿಯೊಳಗೆ ಕಾಲು ಇಳಿಬಿಟ್ಟು ತುಳಿಯುವಂಥದ್ದೇ.
ಕೈಯಿಂದ ಒತ್ತಿ ಒತ್ತಿ ನೋಡಿ,
"ಇದರ ಲಾಳಿ ಎಲ್ಲೈತ್ರಿ ಬಾಯಾರ?" ಅಂದ.
ನನಗೂ ಗೊತ್ತಿರಲಿಲ್ಲ.

ಆಮೇಲೆ ಮೇಲೆ ಹತ್ತಿದ. ಒಂದೇ ಬೆರಳು.
ಮೂರು ಸ್ವರ ಬಾರಿಸಿ, ಮಾತಾಡದ ಮನೆಗೆ ಬಂದು, ಒತ್ತಿ,
ತಲೆ ವಾಲಿಸಿ ಕಾಯ್ದು,
ಮತ್ತೆ ಮೂರು.
"ಇಲ್ಲಿ ಅವ್ವ ಹರದ ಎಳಿಗೆ ಗಂಟ್ ಹಾಕ್ತಾಳ್ರಿ."

ವಿರಾಮವೆಂದರೆ ಹಾಳೆಯ ಗೆರೆಯ ಮೇಲೆ ಕೂತ
ಕಪ್ಪು ಟೋಪಿ ಎಂದೇ ನಾನು ಕಲಿತಿದ್ದು.

ನನ್ನ ಬುದ್ಧಿಗೆ ಏನಾಯಿತೋ,
ಹುಬ್ಬಳ್ಳಿಯಿಂದ ಯೋನಾ ಮಾಮನನ್ನು ಕರೆಸಿದೆ.
ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ನಟ್ಟು ಬಿಗಿದ ಕೈ.
ಪಿಯಾನೋದ ಹೊಟ್ಟೆ ಬಿಚ್ಚಿ, ಇಲಿಗೂಡು, ಒಂದು ಗೋಲಿ,
ಕತ್ತು ಮುರಿದ ಪುಟ್ಟ ಸುತ್ತಿಗೆ ಹೊರತೆಗೆದ.
ಹೊಸದಕ್ಕೆ ನನ್ನ ಹಳೆಯ ಸ್ವೆಟರಿನ ಉಣ್ಣೆ.
ಇನ್ನೂರು ರೂಪಾಯಿ, ಎರಡು ಕಪ್ ಚಹಾ,
ಮನೆ ಮಾತಾಡಿತು.

ತುಳಜು ಒತ್ತಿದ. ಸುಟ್ಟವನಂತೆ ಬೆರಳು ತೆಗೆದ.
"ಸುಮ್ನಿರೋದು ಎಲ್ಲಿ ಹೋತ್ರಿ?"

ಅಳಲಿಲ್ಲ. ಎದ್ದು ಹೋದ. ಮೂರು ದಿನ ಬರಲೇ ಇಲ್ಲ.
ಉಳಿದ ಹುಡುಗರು ಆ ಮನೆಯನ್ನು ಸಿಕ್ಕಾಪಟ್ಟೆ ಬಾರಿಸಿದರು.
ಸಂಜೆ ಒರೆಸುವಾಗ ನಾನು ಅದನ್ನಷ್ಟೇ ಬಿಟ್ಟು ಒರೆಸಿದೆ.

ನಾಲ್ಕನೆಯ ದಿನ ಬಂದು, ನನ್ನ ಕಡೆ ನೋಡದೆ ಕೂತ.
ಮೂರು ಸ್ವರ.
ಆಮೇಲೆ ಆ ಮನೆಯ ಮೇಲೆ ಬೆರಳಿಟ್ಟು,
ಮಲಗಿದ ತಂಗಿಯ ಮುಷ್ಟಿಯಿಂದ ಗಿಲಕಿ ಬಿಡಿಸುವವನಂತೆ
ಮೆಲ್ಲಗೆ, ಇನ್ನೂ ಮೆಲ್ಲಗೆ,
ತಳ ಮುಟ್ಟುವ ತನಕ ಇಳಿಸಿದ.
ಸದ್ದಿಲ್ಲ.
ಮತ್ತೆ ಮೂರು.

ನಲವತ್ತು ವರ್ಷ ಬಾರಿಸಿದವಳು ನಾನು,
ಮಾತು ಬರುವ ಮನೆಯನ್ನು ಹೀಗೆ ಸುಮ್ಮನಿರಿಸಬಹುದೆಂದು
ಯಾರೂ ಹೇಳಿರಲಿಲ್ಲ.
"ಹ್ಯಾಂಗೋ ಅದು, ನನಗೂ ತೋರ್ಸೋ" ಅಂದೆ.

ಸ್ಟೂಲಿನ ತುದಿಗೆ ಸರಿದು ಜಾಗ ಬಿಟ್ಟ.
"ಕೈ ತೊಳ್ಕೊಂಡೀರೇನ್ರಿ?"