ಲಂಗರು ದೀಪ

ಮೂರು ಸಂಜೆಯಿಂದ ಇದೇ ಪಾಡು:
ಆರೂವರೆಗೆ ಸುದ್ದಿಯ ಹೆಂಗಸು ಬಾಯಿ ತೆರೆದಳೋ ಇಲ್ಲವೋ
ಕೆನ್ನೆ ಒಂದು ಕಡೆ, ಕಣ್ಣು ಇನ್ನೊಂದು ಕಡೆ,
ಚೌಕ ಚೌಕವಾಗಿ ಚೂರಾಗಿ
ಕೊನೆಗೆ ಬರೀ ನೀಲಿ, ನಡುವೆ ಎರಡೇ ಪದ:
ಸಿಗ್ನಲ್ ಇಲ್ಲ.

ಮಲ್ ದ್ವೀಪದ ಮಗ್ಗುಲಿನ ಈ ಕೊಲ್ಲಿಯಲ್ಲಿ
ಅಕ್ಟೋಬರಿನಲ್ಲಿ ಲಂಗರು ಹಾಕಿದ್ದು ಸುಖಕ್ಕಲ್ಲ.
ಗುಡ್ಡದಾಚೆಯ ಗೋಪುರಕ್ಕೆ
ನಮ್ಮ ಹಾಯಿಕಂಬದ ನೆತ್ತಿ ಕಾಣುವುದು ಇಲ್ಲಿಂದ ಮಾತ್ರ.
ಅಷ್ಟು ಬೇಕೇ ಅಂದಳು ಇಶ್ಬೆಲ್.
ಬೇಕು.
ಇಪ್ಪತ್ತಾರು ವರ್ಷ ನಾನು ಎಣ್ಣೆ ಕುಡಿಸಿ ಸಾಕಿದ ಫೆರಿಯನ್ನು
ಈ ವಾರ ಎಳೆದೊಯ್ಯುತ್ತಾರೆ, ಗುಜರಿಗೆ.
ಯಾವ ದಿನವೋ ಹೇಳಿಲ್ಲ.
ಟೀವಿಯಲ್ಲಿ ತೋರಿಸುತ್ತಾರಂತೆ.

ಮೊದಲು ಪ್ಲಗ್ಗು ಕಿತ್ತು ಊದಿದೆ.
ಎಲ್ಲರೂ ಮೊದಲು ಮಾಡುವುದು ಅದನ್ನೇ.
ಆಮೇಲೆ, ಕೇಬಲ್ಲು ಡೆಕ್ಕಿನೊಳಗೆ ಇಳಿಯುವ ಜಾಗ:
ತಿರುಪು ಬಿಚ್ಚಿದರೆ ಒಳಗೆಲ್ಲ ಹಸಿರು ಹಿಟ್ಟು,
ತಾಮ್ರದ ಹಲ್ಲಿಗೆ ಉಪ್ಪು ಹಿಡಿಸಿದ ಹುಳುಕು.
ವಿನೆಗರ್, ಸವೆದ ಟೂತ್‌ಬ್ರಷ್ಷು, ಹೊಸ ತುದಿ,
ಮೇಲೆ ಗ್ರೀಸು, ಗ್ರೀಸಿನ ಮೇಲೆ ಟೇಪು.
ಎಂಜಿನ್ ಕೋಣೆಯಲ್ಲಿ ಬೆಳೆದವನು ನಾನು,
ಹುಳುಕು ಸಿಕ್ಕಿದರೆ ರೋಗವೇ ಸಿಕ್ಕಿತೆಂದು ನಂಬುವವನು.
ಮಧ್ಯಾಹ್ನ ಚಿತ್ರ ಗಾಜಿನಂತೆ ನಿಂತಿತ್ತು.
ಸಂಜೆಗೆ ಹೆಂಗಸು ಮತ್ತೆ ಚೂರಾದಳು.

ಎರಡನೆಯ ದಿನ ಇಶ್ಬೆಲ್ ಮೇಲೆ ಹೋದಳು.
ನನ್ನ ಮೊಣಕಾಲು ಒಲ್ಲೆನೆಂದು ಎರಡು ವರ್ಷವಾಯಿತು.
ಹಲಗೆಯ ಕುರ್ಚಿಯಲ್ಲಿ ಅವಳು, ವಿಂಚಿನ ಹಿಡಿಯಲ್ಲಿ ನಾನು,
ಹನ್ನೆರಡು ಮೀಟರು, ಸುತ್ತಿಗೊಂದು ಗೇಣು.
ಕೆಳಗೆ ದೋಣಿ ಒಂದು ಬೆರಳು ಆಡಿದರೆ
ಮೇಲೆ ಅವಳಿಗೆ ಒಂದು ಮಾರು.
ಬಾಣಲೆಯಂಥ ಆ ಆಂಟೆನಾ ತಟ್ಟಿ ನೋಡಿ ಕೂಗಿದಳು:
ಹಕ್ಕಿ ಹಿಕ್ಕೆ ಹಾಕಿದೆ, ಬೇರೇನೂ ಇಲ್ಲ,
ಇಲ್ಲಿಂದ ನಿನ್ನ ಬೋಳುತಲೆ ಚೆನ್ನಾಗಿ ಕಾಣುತ್ತೆ!

ಮೂರನೆಯ ದಿನ ಹಟಕ್ಕೆ ಬಿದ್ದು
ಮೀನಿನ ಮುಳ್ಳಿನಂಥ ಇನ್ನೊಂದು ಆಂಟೆನಾ ಕೈಯಲ್ಲಿ ಹಿಡಿದು
ಡೆಕ್ಕಿನ ಮೇಲೆ ನಿಂತೆ, ಗೋಪುರದ ಕಡೆ ನೆಟ್ಟು.
ಇಳಿತ ತಿರುಗಿತು. ಗೂಟಕ್ಕೆ ಕಟ್ಟಿದ ಹಸುವಿನಂತೆ
ದೋಣಿಯೂ ನಿಧಾನಕ್ಕೆ ತಿರುಗಿತು.
ದೋಣಿ ಎಡಕ್ಕೆ, ನಾನು ಬಲಕ್ಕೆ, ಮುಳ್ಳು ಗುಡ್ಡಕ್ಕೆ.
ದಂಡೆಯ ಮೇಲೆ ನಾಯಿ ಕರೆದುಕೊಂಡು ಹೊರಟವನೊಬ್ಬ
ಇದೇನೋ ಪ್ರಾರ್ಥನೆ ಎಂದು ಟೋಪಿ ತೆಗೆದ.

ಸೋತು ಒಳಗೆ ಬಂದು ಹಳೆಯ ತಂತಿಯನ್ನೇ ಸಿಕ್ಕಿಸಿ ಕೂತೆ.
ಹೆಂಗಸು ಇಡಿಯಾಗಿ ಇದ್ದಳು. ಕಿವಿಯೋಲೆ ಕೂಡ ಎಣಿಸಬಹುದಿತ್ತು.
ಕತ್ತಲು ಇಳಿಯುತ್ತಿತ್ತು.
ಟಕ್ ಎಂದಿತು ಎಲ್ಲೋ.
ಚೂರು.
ಏನು ಮುಟ್ಟಿದೆ ನೀನು?
ನಾನೆಲ್ಲಿ ಏನು ಮುಟ್ಟಿದೆ, ಲಂಗರು ದೀಪ ಹಾಕಿದೆ ಅಷ್ಟೆ.

ಆರಿಸು, ಅಂದೆ. ಬಂದಳು.
ಹಾಕು. ಹೋದಳು.
ಆರಿಸು.

ಏಪ್ರಿಲಿನಲ್ಲಿ ಅಗ್ಗಕ್ಕೆ ತಂದ ಎಲ್‌ಇಡಿ ಅದು,
ಬ್ಯಾಟರಿ ಉಳಿಯುತ್ತದೆಂದು ಹೊಗಳಿದವನು ನಾನೇ.
ಆಂಟೆನಾದ ಕಿವಿಗೆ ಒಂದು ಗೇಣು ದೂರದಲ್ಲಿ ಕೂತು
ಬೆಳಕಿನ ಜೊತೆಗೆ, ನಮಗೆ ಕೇಳಿಸದ ಗದ್ದಲ ಹಾಕುತ್ತಿತ್ತು.
ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ.
ನಮ್ಮ ದೀಪಕ್ಕೆ ಬುಡವೇ ಹನ್ನೆರಡು ಮೀಟರು ಉದ್ದ.

ಆಗ ತೋರಿಸಿದರು ಅವಳನ್ನು.
ನಾಲ್ಕು ಸೆಕೆಂಡು, ಇದ್ದರೆ ಐದು.
ಟಗ್ಗಿನ ಹಿಂದೆ, ಹೊಗೆಯಿಲ್ಲದ ಚಿಮಣಿ,
ಹೆಸರಿನ ಮೇಲೆ ಬೂದುಬಣ್ಣ ಬಳಿದಿದ್ದರು.
ಬಲಗಡೆಯ ಗಾಳಿಕಿಂಡಿಯ ಕೆಳಗೆ ತುಕ್ಕಿನ ಗೆರೆ
ಹಾಗೇ ಇತ್ತು. ಎಷ್ಟು ಸಲ ಉಜ್ಜಿದ್ದೆ ಅದನ್ನು.
ಆಮೇಲೆ ಹವಾಮಾನ: ನಾಳೆ ನೈಋತ್ಯದಿಂದ ಗಾಳಿ.
ಅದು ಆಗಲೇ ಹಗ್ಗಗಳಲ್ಲಿ ಕೇಳುತ್ತಿತ್ತು.

ಹೊರಗಿನಿಂದ ಟಾರ್ಚು. ಪಕ್ಕದ ದೋಣಿಯ ಟಾರ್ಕಿಲ್:
ನಿಮ್ಮ ದೀಪ ಆರಿದೆ, ಗೊತ್ತಾ?
ಗೊತ್ತು, ಅಂದಳು ಇಶ್ಬೆಲ್, ನನ್ನ ಮುಖ ನೋಡಿ,
ನಾನು ಹೇಳುವುದನ್ನು ತಾನೇ ಹೇಳಿ.

ಪೆಟ್ಟಿಗೆಯ ತಳದಿಂದ ಹಳೆಯ ಸೀಮೆಎಣ್ಣೆ ಲಾಂದ್ರ ತೆಗೆದು
ಬತ್ತಿ ಕತ್ತರಿಸಿ ಮುಂದಿನ ತಂತಿಗೆ ಕಟ್ಟಿದೆ.
ಹಳದಿ, ಮಂಕು, ಗದ್ದಲವಿಲ್ಲದ್ದು.
ಬೇರೆ ಬಲ್ಬು ತರೋಣ ನಾಳೆ, ಅಂದಳು.
ಅವಸರವಿಲ್ಲ, ಅಂದೆ.