ತಲೆಕಟ್ಟು

ಟಾಲಿನ್ನಿನ ಕೊಪ್ಲಿಯಲ್ಲಿ, ಬೂಟು ಹೊಲಿಯುವವನ ಅಂಗಡಿಯ ಮೇಲೆ
ಗುರುವಾರ ಸಂಜೆ ನಾವು ಐದು ಜನ.
ಸಂಜೆ ಅಂದೆ; ಮೂರೂವರೆಗೇ ಕತ್ತಲು ಕವುಚಿಕೊಂಡಾಗಿದೆ,
ಸಮುದ್ರ ಯಾವ ಕಡೆಗಿದೆ ಎನ್ನುವುದು ವಾಸನೆಯಿಂದಷ್ಟೇ ಗೊತ್ತು.
ಮೇಜಿನ ಮೇಲೆ ಕರಿ ರೊಟ್ಟಿ, ಉಪ್ಪುಮೀನಿನ ಡಬ್ಬಿ,
ಬಾಯ್ತೆರೆದ ನಾಲ್ಕು ಲ್ಯಾಪ್‌ಟಾಪು,
ಒಂದೇ ಪ್ಲಗ್ಗು.

ಯಾರೂ ಈ ಕಸುಬಿನವರಲ್ಲ.
ಕೈರಿ ರಾತ್ರಿಪಾಳಿಯ ನರ್ಸು. ಅವಳ ಪುಟದ ತುಂಬ ಹಾವಸೆ,
ಇನ್ನೂರ ಹನ್ನೊಂದು ಹಸಿರು, ಒಂದಕ್ಕೊಂದು ದಾಯಾದಿ.
ತಾರ್ಮೊ ಸಾಕುವುದು ಜೇನು, ಪುಟದಲ್ಲಿಡುವುದು ಮಾತ್ರ
ಊರಿನ ಹಳೇ ಬಾಗಿಲುಗಳ ಹಿಡಿಕೆ.
ಯಾಕೆಂದರೆ, ‘ಜೇನಿಗೆ ವಿಳಾಸ ಗೊತ್ತು’ ಅನ್ನುತ್ತಾನೆ.
ನನ್ನದು ಅಡುಗೆಮನೆ ಕಿಟಕಿಯ ಥರ್ಮಾಮೀಟರು,
ದಿನಕ್ಕೊಂದು ಅಂಕಿ. ಓದುಗರು ಇಬ್ಬರು,
ಅದರಲ್ಲೊಬ್ಬ ರೋಬಾಟು.

ಕೈರಿಯ ಚಿತ್ರಗಳು ಮನೆಯಲ್ಲಿ ನಗುತ್ತವೆ,
ಲೋಕಕ್ಕೆ ಹೋದೊಡನೆ ಮುಖ ಮುಚ್ಚಿಕೊಳ್ಳುತ್ತವೆ.
‘ಹೆಸರಿನ ಮೊದಲಕ್ಷರ ದೊಡ್ಡದು ಬರೆದಿದ್ದೀಯ.
ನಿನ್ನ ಮನೆಯ ಯಂತ್ರ ಉದಾರಿ, ದೊಡ್ಡದು ಸಣ್ಣದು ನೋಡುವುದಿಲ್ಲ.
ಆ ಕಡೆ ಕೂತಿರುವುದು ಗುಮಾಸ್ತ.’
ಹೀಗೆಂದ ತಾರ್ಮೊನದೇ ಪುಟ
ಮೂರು ದಿನ ತಿದ್ದಿದರೂ ಅದೇ ನೀಲಿ.
‘ನಿನ್ನ ಬ್ರೌಸರು ತಂಗಳು ಬಡಿಸುತ್ತಿದೆ ಮಾರಾಯ,
ಮೊದಲು ಪಾತ್ರೆ ತೊಳೆ.’
ಒಂದು ಅರ್ಧವಿರಾಮ ಬಿಟ್ಟುಹೋಗಿ
ಹದಿನೇಳು ದಿನ ನಾನು ಹುಡುಕಿದ ಸಂಗತಿ
ಹೇಳಲೋ ಬೇಡವೋ ಎಂದು ಮೀನಿಗೆ ಕೈ ಹಾಕಿದೆ.

ಆಮೇಲೆ ಎಂಡೆಲ್.
ಮೂವತ್ತೆಂಟು ವರ್ಷ ಟ್ರಾಮು ಓಡಿಸಿದ ಕೈ,
ಮೌಸನ್ನೂ ಬ್ರೇಕಿನಂತೆಯೇ ಹಿಡಿಯುತ್ತದೆ.
ಪುಟದಲ್ಲಿ ಒಂದೊಂದು ನಿಲ್ದಾಣಕ್ಕೆ ಒಂದೊಂದು ಕತೆ,
ಎಲ್ಲಕ್ಕೂ ಮೇಲೆ ‘ಒನ್ನೆಗೆ’ ಎಂದು ಅರ್ಪಣೆ.
ಆ ಹೆಸರಿನ ಮೊದಲ ಅಕ್ಷರ ಇಲ್ಲಿಯವರದೇ:
ಸೊನ್ನೆಯ ನೆತ್ತಿಗೊಂದು ಅಲೆ,
ಬಾಯಿ ಒಂದು ಆಕಾರ ಹಿಡಿದು
ನಡುವೆ ಮನಸ್ಸು ಬದಲಿಸಿದರೆ ಹೊರಡುವ ಸ್ವರ.
ಪರದೆಯ ಮೇಲೆ ಅದಿಲ್ಲ.
ಅಲೆ ಹೊತ್ತ ಒಂದು ಮಾಡು, ಪಕ್ಕದಲ್ಲಿ ಕಪ್ಪು ಚುಕ್ಕೆ,
ಹಿಂದೆ ಉಳಿದ ಅಕ್ಷರಗಳು ತಾಯಿ ತಪ್ಪಿದ ಮಕ್ಕಳು.

‘ಅಲೆ ತೆಗೆದು ಬರೀ ಸೊನ್ನೆ ಹಾಕಿ ನೋಡಿದೆ’ ಎಂದ ಎಂಡೆಲ್.
‘ಅವಳ್ಯಾರು ಅಂತ ಕೇಳಿದೆ ನಾನು’ ಎಂದಳು
ಮೂಲೆಯಲ್ಲಿ ಕಾಲುಚೀಲ ಹೆಣೆಯುತ್ತಿದ್ದ ಒನ್ನೆ,
ತಲೆ ಎತ್ತದೆ.

ಕೈರಿ ಒಳಗಿಳಿದು ನೋಡಿದಳು, ರೋಗಿಯ ನಾಲಿಗೆ ನೋಡುವ ಹಾಗೆ.
‘ಅಕ್ಷರ ಸರಿಯಾಗಿಯೇ ಇದೆಯಲ್ಲ.
ಯಾವ ಪಟ್ಟಿಯಿಂದ ಓದಬೇಕೆಂದು
ಪುಟದ ತಲೆಯಲ್ಲಿ ನೀನು ಹೇಳಿಯೇ ಇಲ್ಲ.’
ತಲೆಕಟ್ಟಿಲ್ಲದ ಪುಟ!
ಒಂದು ಸಾಲು, ಎರಡು ಉದ್ಧರಣೆ ಗುರುತು.
ಉಳಿಸಿದಳು, ತಂಗಳು ಚೆಲ್ಲಿದಳು, ಮತ್ತೆ ತೆರೆದಳು.

ಅಲೆ ಬಂದು ಸೊನ್ನೆಯ ಮೇಲೆ ಕೂತಿತು.
ಯಾರೂ ಚಪ್ಪಾಳೆ ತಟ್ಟಲಿಲ್ಲ. ತಾರ್ಮೊ ಡಬ್ಬಿಯ ಕೊನೆಯ ಮೀನನ್ನು
ಕೇಳದೆ ಎಂಡೆಲ್‌ನ ರೊಟ್ಟಿಗೆ ಹಾಕಿದ.

ಒನ್ನೆ ಕನ್ನಡಕ ಏರಿಸಿ ಈಗ ಮೊದಲ ಸಲ
ಕೆಳಗಿನವರೆಗೂ ಓದಿದಳು, ನಿಲ್ದಾಣ ನಿಲ್ದಾಣ.
‘ಸಿತ್ಸಿಯಲ್ಲಿ ನಾನು ಹತ್ತಿದ ದಿನ ಮಳೆ ಅಂತ ಬರೆದಿದ್ದೀಯ.’
‘ಮಳೆಯೇ.’
‘ಹಿಮ. ನನ್ನ ಟೋಪಿ ಕೊಡವಿದ್ದಕ್ಕೆ ನೀನು ಬೈದೆ.’
‘ಮಳೆ. ಒರೆಸುಗೋಲು ಕೆಟ್ಟಿತ್ತು, ನನಗೆ ನೆನಪಿದೆ.’

ಇಬ್ಬರೂ ನನ್ನ ಕಡೆ ತಿರುಗಿದರು:
ಎಪ್ಪತ್ತನಾಲ್ಕರ ಫೆಬ್ರವರಿ, ಎರಡನೇ ವಾರ,
ಎಷ್ಟು ಡಿಗ್ರಿ ಇತ್ತು ನಿನ್ನ ಕಿಟಕಿಯಲ್ಲಿ?
ನಾನಿನ್ನೂ ಹುಟ್ಟಿರಲಿಲ್ಲ ಅಂದೆ.
ಅದೊಂದು ಉತ್ತರವೇ ಎನ್ನುವಂತೆ ನೋಡಿದರು.

ಪ್ಲಗ್ಗಿನ ಸರದಿ ನನ್ನದು.