ಇಪ್ಪತ್ತು ತೆತ್ರಿ

ಮೂರನೆಯ ಕನ್ನಡಕವೂ ಒಲೆಗೆ ಬಿದ್ದ ದಿನ
ತ್ಸಿರಾ ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.
ಗಾಜು ಟಪ್ಪೆಂದು ಸಿಡಿದ ಸದ್ದಿಗೆ ಒಳಗಿಂದ ಬಂದವಳು
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದಳು:
ರೊಟ್ಟಿಗೆ ಒಂದೂವರೆ ಲರಿ,
ಎರಡು ಕಣ್ಣಿಗೆ ಎರಡು ಸಾವಿರದ ಏಳುನೂರು.
‘ಸಾವಿರದ ಎಂಟುನೂರು ರೊಟ್ಟಿ, ಮಾಲ್ಖಾಜ್.
ನಾಳೆಯಿಂದಲೇ ಬಡಿ.’

ಕುತಾಯಿಸಿಯ ನಮ್ಮ ಒಲೆಗೆ ತೋನೆ ಅನ್ನುತ್ತೇವೆ.
ಬಾವಿಯಂಥದ್ದು, ನೀರಿರಬೇಕಾದಲ್ಲಿ ಕೆಂಡ.
ಸೊಂಟದವರೆಗೆ ಬಗ್ಗಿ ಹಿಟ್ಟನ್ನು ಒಳಗೋಡೆಗೆ ಬಡಿಯಬೇಕು,
ಬಡಿದು, ಹುಬ್ಬು ಸುಡುವ ಮೊದಲು ಮೇಲೇಳಬೇಕು.
ಹನ್ನೆರಡು ವರ್ಷ
ಆವಿ ಹಿಡಿದ ಎರಡು ಗಾಜಿನ ಹಿಂದೆ ನಿಂತು
ಬೀದಿಗೆಲ್ಲ ರೊಟ್ಟಿ ಕೊಟ್ಟಿದ್ದೇನೆ.
ಮುಖ ಗೊತ್ತಿಲ್ಲ, ದನಿ ಗೊತ್ತು.
ಕೈಗಳು ಗೊತ್ತು.

ತ್ಬಿಲಿಸಿಯಲ್ಲಿ ಡಾಕ್ಟರ್ ಮಾಕ್ವಾಲಾ
ಕಣ್ಣಿನ ದಪ್ಪ ಅಳೆದು ತಲೆಯಾಡಿಸಿದರು:
ಐನೂರ ನಲವತ್ತು ಮೈಕ್ರಾನು, ಸಾಕು.
ಮೇಲಿನದೊಂದು ತೆಳುಪದರ ಎತ್ತಿ
ಕೆಳಗೆ ತಿದ್ದಿ, ಮತ್ತೆ ಮುಚ್ಚುತ್ತಾರಂತೆ.
ತೆಳ್ಳಗಾದರೆ ಹಿಟ್ಟು ಹರಿಯುತ್ತದೆ,
ನನಗೆ ಅರ್ಥವಾದದ್ದು ಅಷ್ಟು.
ಏನೇನು ಕೆಡಬಹುದು ಎಂದು ಬರೆದ ಕಾಗದವನ್ನು
ಮೂಗು ತಾಗುವಷ್ಟು ಹತ್ತಿರ ಹಿಡಿದು ಓದಿದೆ.
ಓದಿದ್ದು ಸುಳ್ಳು. ಸಹಿ ನಿಜ.

ಮರೆಯಲಾಗದ್ದು ಆ ಕತ್ತಲು.
ಕಣ್ಣಿನ ಮೇಲೊಂದು ಬಳೆ ಕೂತು ಒತ್ತಿದಾಗ
ದೀಪ ಹೋಯಿತು, ಸೂರು ಹೋಯಿತು,
ಡಾಕ್ಟರ ದನಿ ಮಾತ್ರ ಉಳಿಯಿತು:
ಹಸಿರು ಚುಕ್ಕೆ ನೋಡಿ, ಹಸಿರು ಚುಕ್ಕೆ.
ಯಾವ ಚುಕ್ಕೆ ತಾಯಿ?
ಆಮೇಲೆ ಬಂತು ಅದು, ಕೆರೆಯ ತಳದಲ್ಲಿ ಬಿದ್ದ
ಗುಂಡಿಯ ಹಾಗೆ ಅಲುಗುತ್ತ.
ಮುಷ್ಟಿಯಲ್ಲಿ ರಬ್ಬರಿನ ಚೆಂಡು ಕೊಟ್ಟಿದ್ದರು,
ನಾದಿ ನಾದಿ ಮೆತ್ತಗೆ ಮಾಡಿಟ್ಟೆ.
ಟಕಟಕ ಸದ್ದು. ಒಂದು ವಾಸನೆ.
ಪಕ್ಕದ ಹಾಸಿಗೆಯ ಹುಡುಗಿ ಆ ವಾಸನೆಗೇ ಹೆದರಿದ್ದಳಂತೆ.
ನನಗೋ, ದಿನಾ ಬೆಳಿಗ್ಗೆ ತೋನೆಯೊಳಗೆ ಚುರ್ ಅನ್ನುವ
ನನ್ನದೇ ಮುಂಗೈ ಕೂದಲಿನ ವಾಸನೆ.
ನಗು ಬಂತು. ‘ಅಲುಗಬೇಡಿ’ ಅಂದರು.
ಒಂದು ರೊಟ್ಟಿಗೆ ಆರು ನಿಮಿಷ ಬೇಕು.
ಕಣ್ಣಿಗೆ ಹತ್ತೊಂಬತ್ತು ಸೆಕೆಂಡು.

ರಾತ್ರಿಯ ವ್ಯಾನಿನಲ್ಲಿ ಊರಿಗೆ ಮರಳುವಾಗ
ಕಣ್ಣಿಗೆ ಪ್ಲಾಸ್ಟಿಕ್ಕಿನ ಚಿಪ್ಪು, ಚಿಪ್ಪಿನೊಳಗೆ ಈರುಳ್ಳಿ ಉರಿ.
ಎದುರು ಬಂದ ಲಾರಿಯ ದೀಪಗಳಿಗೆಲ್ಲ
ಸಂತರಿಗಿರುವಂಥ ಬಂಗಾರದ ಬಳೆ.
ಬೆಳಿಗ್ಗೆ ಎದ್ದು ಮೊದಲು ಕಂಡದ್ದು
ಅಟ್ಟದ ಮೂಲೆಯ ಜೇಡರಬಲೆ.
ಎರಡನೆಯದು, ತ್ಸಿರಾಳ ಕೊರಳಲ್ಲಿ ಸಣ್ಣದೊಂದು ಮಚ್ಚೆ.
ಮದುವೆಯಾದಾಗಿಂದ ಇದೆಯಂತೆ.
‘ಹೂಂ, ಈಗ ನೋಡು’ ಅಂದಳು, ಅಷ್ಟೇ.

ಮೂರು ವಾರ ಬೆಂಕಿಯ ಹತ್ತಿರ ಹೋಗುವಂತಿಲ್ಲ,
ಹಿಟ್ಟಿನ ಧೂಳೂ ಆಗದು.
ಒಲೆಗೆ ಬಾಮೈದ ಗೋಚಾ, ಕಿಟಕಿಗೆ ನಾನು,
ಜೇಬಿನಲ್ಲಿ ಹನಿಮದ್ದು.
ನಾಲ್ಕನೆಯ ದಿನ ವೆನೆರಾ ಅಜ್ಜಿ ಬಂದಳು.
ಎಂದಿನಂತೆ ಚಿಲ್ಲರೆಯನ್ನು ನನ್ನ ಅಂಗೈಯಲ್ಲಿಟ್ಟು
ಬೆರಳುಗಳನ್ನು ತಾನೇ ಮಡಚಿದಳು.
ಇಷ್ಟು ವರ್ಷ ಅದನ್ನು ಅಕ್ಕರೆ ಅಂದುಕೊಂಡಿದ್ದೆ.
ಈ ಸಲ ಕಂಡಿತು:
ಒಂದು ಲರಿ. ಒಂದು ಇಪ್ಪತ್ತು. ಒಂದು ಹತ್ತು.
ಕೋಟಿನ ತೋಳಿಗೆ ಬೇರೆ ಬಣ್ಣದ ದಾರದ ಹೊಲಿಗೆಯೂ ಕಂಡಿತು.

ನನ್ನ ಬರಿಮುಖ ನೋಡಿ ಅವಳು ನಿಂತೇಬಿಟ್ಟಳು.
‘ಕನ್ನಡಕ ಎಲ್ಲಿ ಮಗಾ?’
ಏಪ್ರನ್ನಿನ ಅಂಚು ಹಿಡಿದು, ಅಭ್ಯಾಸಬಲ,
ಗಾಳಿಯಲ್ಲಿ ಏನನ್ನೋ ಒರೆಸಿದೆ.
‘ಒಲೆಗೆ ಬಿತ್ತಜ್ಜಿ,’ ಅಂದೆ.
‘ಏನೂ ಕಾಣುವುದಿಲ್ಲ ಈಗ.’